ಸಹಕಾರಿ ಪಿತಾಮಹ ಮೊಳಹಳ್ಳಿ ಶಿವರಾಯರು: ಅಡಿಕೆ ಸೀಮೆಯ ಉಳಿತಾಯಕ್ಕೆ ನೆಲೆ ಕೊಟ್ಟ ವಕೀಲ

ದಕ್ಷಿಣ ಕನ್ನಡದಲ್ಲಿ ಆಗಸ್ಟ್ ಮೊದಲ ವಾರವೆಂದರೆ ಆಟಿ ತಿಂಗಳು. ಸುರಿಯುವ ಮಳೆ, ಬರಿದಾದ ಅಕ್ಕಿ ಮುಡಿ, ಕೈಯಲ್ಲಿ ಕಾಸಿಲ್ಲದ ದಿನಗಳು. ಹಿಂದಿನವರು ಈ ತಿಂಗಳನ್ನು ದಾಟಲು ಬೇಸಿಗೆಯಲ್ಲೇ ಸಿದ್ಧತೆ ನಡೆಸುತ್ತಿದ್ದರು. ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದು, ಹಲಸಿನ ಬೀಜವನ್ನು ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿಡುವುದು, ಹಪ್ಪಳ ಒತ್ತಿಡುವುದು ಪ್ರತಿ ಮನೆಯ ಕೆಲಸವಾಗಿತ್ತು. ಇಂದು ಮಂಗಳೂರು, ಬೆಂಗಳೂರಿನ ಸಭಾಂಗಣಗಳಲ್ಲಿ ‘ಆಟಿಡೊಂಜಿ ದಿನ’ ಆಚರಿಸಿ ಪತ್ರೊಡೆ ಸವಿಯುವವರಿಗೆ ಆ ತಿಂಗಳಿನ ಹಸಿವಿನ ಅಂದಾಜು ಸಿಗುವುದು ಕಷ್ಟ.

ಅಂತಹ ಆಟಿಯಲ್ಲಿ, 1880ರ ಆಗಸ್ಟ್ 4ರಂದು ಜನಿಸಿದವರು ಮೊಳಹಳ್ಳಿ ಶಿವರಾಯರು. ದಕ್ಷಿಣ ಕನ್ನಡದ ಸಹಕಾರಿ ಚಳವಳಿಯ ಪಿತಾಮಹ ಎಂದು ಜಿಲ್ಲೆ ಅವರನ್ನು ನೆನೆಯುತ್ತದೆ. ಸಹಕಾರಿ ಸಂಘಗಳ ಗೋಡೆಯ ಮೇಲೆ ಹಾರ ಹಾಕಿದ ಅವರ ಭಾವಚಿತ್ರ ಕಾಣಸಿಗುವುದುಂಟು. ಆದರೆ ಚಿತ್ರದ ಕೆಳಗೆ ಸರದಿಯಲ್ಲಿ ನಿಂತು ಪಾಸ್‌ಬುಕ್ ಬರೆಸಿಕೊಳ್ಳುವವರಲ್ಲಿ ಅವರ ಬಗ್ಗೆ ಬಲ್ಲವರು ಎಷ್ಟು ಮಂದಿ? ಜಿಲ್ಲೆಯ ಹೊರಗಂತೂ ಆ ಹೆಸರು ಕೇಳಿದವರೇ ವಿರಳ.

ಮನೆತನದ ಹೆಸರಿನಲ್ಲಿರುವ ಮೊಳಹಳ್ಳಿ ಕುಂದಾಪುರ ಕಡೆಯ ಊರು. ಶಿವರಾಯರ ಕರ್ಮಭೂಮಿಯಾದದ್ದು ಮಾತ್ರ ಪುತ್ತೂರು. ಕಾನೂನು ಓದಿ ವಕೀಲರಾದ ಅವರು ಇಲ್ಲಿಯೇ ವೃತ್ತಿ ಆರಂಭಿಸಿದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಕಾಸರಗೋಡೂ, ಉಡುಪಿ, ಕುಂದಾಪುರಗಳೂ ಅದೇ ಜಿಲ್ಲೆಗೆ ಸೇರಿದ್ದವು. ಪುತ್ತೂರು ಊರಿನ ಹೆಸರಾಗಿತ್ತೇ ವಿನಾ ತಾಲೂಕಿನ ಹೆಸರು ಉಪ್ಪಿನಂಗಡಿ ಎಂದೇ ಇತ್ತು. ಮುಂದೆ ಪ್ರತ್ಯೇಕ ತಾಲೂಕುಗಳಾದ ಸುಳ್ಯ ಮತ್ತು ಕಡಬ ಸೀಮೆಯ ಜನರೂ ಕೋರ್ಟು ಕಚೇರಿಯ ಕೆಲಸಕ್ಕೆ ಪುತ್ತೂರಿಗೇ ಬರಬೇಕಿತ್ತು. ಮಳೆಗಾಲದಲ್ಲಿ ಹೊಳೆ ದಾಟುವುದೇ ಒಂದು ಸಾಹಸ.

ಇಂತಹ ತಾಲೂಕು ಕೇಂದ್ರದ ವಕೀಲನ ಮುಂದೆ ಬರುವ ಕಾಗದಪತ್ರಗಳು ಯಾವುವು? ಅಡಮಾನ ಪತ್ರ, ಸಾಲಪತ್ರ, ಗೇಣಿ ಚೀಟಿ, ಬಾಕಿ ವಸೂಲಿಯ ದಾವೆ. ಊರಿನ ಆರ್ಥಿಕ ಸ್ಥಿತಿಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಕಿಟಕಿ ಇನ್ನೊಂದಿರಲಿಲ್ಲ.

ವರ್ಷಕ್ಕೊಮ್ಮೆ ಕೈಗೆ ಬರುವ ದುಡ್ಡು

ಅಡಿಕೆ ಬೆಳೆಗಾರನ ಕಷ್ಟವನ್ನು ತಿಂಗಳ ಸಂಬಳದವರು ಅರ್ಥ ಮಾಡಿಕೊಳ್ಳಬೇಕಾದರೆ ಒಂದಿಷ್ಟು ವಿವರಣೆ ಅಗತ್ಯ. ಈ ಸೀಮೆಯ ಅಡಿಕೆ ‘ಚಾಲಿ’. ಹಣ್ಣಾದ ಅಡಿಕೆಯನ್ನು ಕೊಯ್ದು, ಅಂಗಳದಲ್ಲಿ ಹರಡಿ, ನಲವತ್ತು ದಿನಗಳಿಗೂ ಹೆಚ್ಚು ಕಾಲ ಬಿಸಿಲಿಗೆ ಒಣಗಿಸಿ, ಸಿಪ್ಪೆ ಸುಲಿದು ಮಾರಬೇಕು. ದೀಪಾವಳಿಯ ನಂತರ ಕೊಯ್ಲು ಆರಂಭವಾದರೆ ಹಣ ಕಾಣುವುದು ಹೊಸ ವರ್ಷ ಕಳೆದ ಮೇಲೆ. ಆ ಹಣದಲ್ಲಿ ಹನ್ನೆರಡು ತಿಂಗಳು ಸಾಗಬೇಕು. ಮದುವೆ, ಬೊಜ್ಜ, ಭೂತಕೋಲ, ಮಕ್ಕಳ ಶಾಲೆ, ಆಳುಗಳ ಕೂಲಿ, ಸರ್ಕಾರದ ತೀರ್ವೆ ಎಲ್ಲವೂ ಅದರಲ್ಲೇ.

ಖರ್ಚಿನ ಕಾಲವಾದರೋ ಆದಾಯದ ಕಾಲಕ್ಕೆ ಸರಿಯಾಗಿ ತಿರುಗುಮುರುಗು. ಅಡಿಕೆ ತೋಟದ ಅತಿ ದೊಡ್ಡ ಶತ್ರು ಕೊಳೆರೋಗ ಬರುವುದು ಮಳೆಗಾಲದಲ್ಲಿ. ಸುಣ್ಣ ಮತ್ತು ಮೈಲುತುತ್ತು ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿದರೆ ಅದನ್ನು ತಡೆಯಬಹುದೆಂದು ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ತೋರಿಸಿಕೊಟ್ಟದ್ದು 1910ರ ಸುಮಾರಿಗೆ. ದ್ರಾವಣ ಸಿದ್ಧಪಡಿಸಲು ಮೈಲುತುತ್ತು ಕೊಳ್ಳಬೇಕು, ಮರ ಹತ್ತುವವನಿಗೆ ಕೂಲಿ ಕೊಡಬೇಕು. ಅದೂ ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ. ಅಂದರೆ ಎರಡನೆಯ ಸಲಕ್ಕೆ ದುಡ್ಡು ಬೇಕಾಗುವುದು ಆಟಿಯಲ್ಲೇ! ಪೆಟ್ಟಿಗೆ ಖಾಲಿಯಾಗಿರುವ ಹೊತ್ತಿನಲ್ಲಿ ಸಾಹುಕಾರನ ಜಗಲಿಯೇ ಗತಿ. ಮುಂದಿನ ಅಡಿಕೆಯನ್ನು ಅವನಿಗೇ ಕೊಡುವ ಮಾತಿನ ಮೇಲೆ ಮುಂಗಡ ಸಿಗುತ್ತಿತ್ತು. ಕೊಯ್ಲಿನ ಹೊತ್ತಿಗೆ ಬೆಲೆ ನಿರ್ಧರಿಸುವವನೂ ಅವನೇ ಆಗಿರುತ್ತಿದ್ದ.

ಬಡ್ಡಿಯ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಎಂದರೆ ಕಿವಿಗೆ ಹಗುರವಾಗಿಯೇ ಕೇಳಿಸುತ್ತದೆ. ಕಟ್ಟದೆ ಬಿಟ್ಟ ಬಡ್ಡಿಗೂ ಬಡ್ಡಿ ಸೇರುತ್ತಾ ಹೋದರೆ ಮೂರು ವರ್ಷದೊಳಗೆ ನೂರು ಇನ್ನೂರಾಗುತ್ತದೆ. ಎರಡು ಬೆಳೆ ಕೊಳೆರೋಗಕ್ಕೆ ಸಿಕ್ಕಿದರೆ ತೋಟವೇ ಕೈಬಿಟ್ಟುಹೋಗಲು ಬೇರೆ ಕಾರಣ ಬೇಕಿರಲಿಲ್ಲ.

ನಗದಿನ ಅಭಾವ ಈ ನೆಲಕ್ಕೆ ಹೊಸದೇನಲ್ಲ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ಮುಂದೆ ನಗದಿನಲ್ಲೇ ಕಟ್ಟಬೇಕೆಂದಾಯಿತು. ನಗದಿಗಾಗಿ ಫಸಲನ್ನು ಸಿಕ್ಕ ಬೆಲೆಗೆ ಮಾರುವ ಸ್ಥಿತಿ ಬಂತು. 1837ರಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ನುಗ್ಗಿದ ಅಮರ ಸುಳ್ಯದ ದಂಗೆಗೆ ಇದ್ದ ಕಾರಣಗಳಲ್ಲಿ ಇದೂ ಒಂದು. ಶಿವರಾಯರು ವಕೀಲಿ ಆರಂಭಿಸುವಾಗ ದಂಗೆ ನಡೆದು ಅರುವತ್ತು ವರ್ಷಗಳ ಮೇಲಾಗಿತ್ತು. ದಂಗೆ ಅಡಗಿದರೂ ನಗದಿನ ಸಮಸ್ಯೆ ಹಾಗೆಯೇ ಉಳಿದಿತ್ತು.

ಇಲ್ಲಿ ಒಂದು ಮಾತು ಗಮನಿಸಬೇಕು. ಈ ಸೀಮೆಯ ಜನರಿಗೆ ಮಿತವ್ಯಯವನ್ನು ಯಾರೂ ಕಲಿಸಬೇಕಿರಲಿಲ್ಲ. ಹಲಸಿನ ಬೀಜವನ್ನೂ ಎಸೆಯದೆ ಕಾಪಿಡುವವರು ದುಂದುಗಾರರಾಗಲು ಸಾಧ್ಯವೇ? ಧಾನ್ಯ ಉಳಿಸಲು ಮುಡಿ ಇತ್ತು, ಹಣ ಉಳಿಸಲು ಮಾತ್ರ ಜಾಗವಿರಲಿಲ್ಲ. ಅಂಚೆ ಕಚೇರಿಯ ಉಳಿತಾಯ ಖಾತೆ 1882ರಲ್ಲೇ ಬಂದಿತ್ತು ನಿಜ. ಅಲ್ಲಿ ಹಾಕಿದ ಹಣ ಸರ್ಕಾರಕ್ಕೆ ಹೋಗುತ್ತಿತ್ತೇ ಹೊರತು ಆಪತ್ತಿನಲ್ಲಿ ನೆರೆಮನೆಯವನಿಗೆ ಸಾಲವಾಗಿ ಸಿಗುತ್ತಿರಲಿಲ್ಲ. ಉಳಿದಂತೆ ಹೂತಿಟ್ಟ ತಾಮ್ರದ ಚೆಂಬು, ಹೆಂಗಸರ ಮೈಮೇಲಿನ ಚಿನ್ನ, ಇಲ್ಲವೇ ನಂಬಿಕಸ್ಥ ವರ್ತಕನ ಬಳಿ ಇರಿಸಿದ ದುಡ್ಡು. ನಂಬಿಕೆಯ ಗತಿ ಏನಾಗಬಹುದೆಂಬುದನ್ನು 1906ರ ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ತೋರಿಸಿತು. ಇಡೀ ಪ್ರಾಂತ್ಯ ಭದ್ರವೆಂದು ನಂಬಿದ್ದ ಆ ಸಂಸ್ಥೆ ಕುಸಿದಾಗ ಸಾವಿರಾರು ಮಧ್ಯಮ ವರ್ಗದವರ ಜೀವಮಾನದ ಉಳಿತಾಯ ಮುಳುಗಿತು.

ಬ್ಯಾಂಕುಗಳ ತೊಟ್ಟಿಲಲ್ಲಿ ಬೇರೊಂದು ದಾರಿ

ಅದೇ 1906ರಲ್ಲಿ ಜಿಲ್ಲೆಯಲ್ಲಿ ಎರಡು ಬ್ಯಾಂಕುಗಳು ಹುಟ್ಟಿದ್ದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ನೇತೃತ್ವದ ಕಾರ್ಪೊರೇಶನ್ ಬ್ಯಾಂಕ್, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ ಬ್ಯಾಂಕ್. ಮುಂದೆ ಕರ್ಣಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳೂ ಸೇರಿ ದಕ್ಷಿಣ ಕನ್ನಡಕ್ಕೆ ‘ಬ್ಯಾಂಕುಗಳ ತೊಟ್ಟಿಲು’ ಎಂಬ ಬಿರುದು ಬಂತು. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಬ್ಯಾಂಕುಗಳು ಮೊದಲು ಬೇರೂರಿದ್ದು ಕರಾವಳಿಯ ಪೇಟೆಗಳಲ್ಲಿ. ಘಟ್ಟದ ಬುಡದ ಸುಬ್ರಹ್ಮಣ್ಯ, ಪಂಜ, ಕಡಬದ ರೈತನಿಗೆ ಅವು ಬಹಳ ದೂರ.

ಶಿವರಾಯರು ಹಿಡಿದದ್ದು ಬೇರೆ ದಾರಿ. ಜರ್ಮನಿಯಲ್ಲಿ ರೈಫೈಸನ್ ಎಂಬ ಪುರಸಭಾಧ್ಯಕ್ಷ ಹತ್ತೊಂಬತ್ತನೆಯ ಶತಮಾನದಲ್ಲಿ ಹಳ್ಳಿಯ ರೈತರನ್ನು ಒಟ್ಟುಗೂಡಿಸಿ ಪರಸ್ಪರ ಜವಾಬ್ದಾರಿಯ ಸಾಲ ಸಂಘಗಳನ್ನು ಕಟ್ಟಿದ್ದರು. ಅದು ಭಾರತಕ್ಕೂ ಒಗ್ಗೀತೇ ಎಂದು ಅಧ್ಯಯನ ಮಾಡಿದವರು ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಕಾಯ್ದೆಯ ಉದ್ದೇಶಗಳಲ್ಲಿ ಮೊದಲು ಹೇಳಿದ್ದೇ ಮಿತವ್ಯಯವನ್ನು. ಸ್ವಸಹಾಯ, ಸಹಕಾರಗಳು ಅದರ ನಂತರ. ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಆರಂಭಿಸಿದರು. ಕಣಗಿನಹಾಳ ಮುಂಬಯಿ ಪ್ರಾಂತ್ಯದ್ದು, ಪುತ್ತೂರು ಮದರಾಸಿನದು. ಕನ್ನಡ ನಾಡು ಹಂಚಿಹೋಗಿದ್ದ ಆ ಕಾಲದಲ್ಲಿ ಒಂದೇ ವಿಚಾರ ಎರಡೂ ಕಡೆ ಮೊಳೆತದ್ದು ಸ್ವಾರಸ್ಯಕರ.

1909ರಲ್ಲಿ, ತಮ್ಮ 29ನೆಯ ವಯಸ್ಸಿನಲ್ಲಿ, ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಇದೇ ಮುಂದೆ ಪುತ್ತೂರು ಕೋ-ಆಪರೇಟಿವ್ ಟೌನ್ ಬ್ಯಾಂಕ್ ಆಗಿ ಬೆಳೆಯಿತು. ಇಂದಿಗೆ ಇದು ಸಾಮಾನ್ಯ ಸಂಗತಿಯಾಗಿ ಕಾಣಬಹುದು. ಅಂದು ಹಾಗಿರಲಿಲ್ಲ. ಕೈಲಿದ್ದ ನಾಲ್ಕು ಕಾಸನ್ನು ಒಂದು ಪುಸ್ತಕದಲ್ಲಿ ಬರೆಸಿ, ರಸೀದಿ ಪಡೆದು, ಮನೆಗೆ ಬರಿಗೈಯಲ್ಲಿ ಮರಳುವುದೆಂದರೆ ಎದೆಗಾರಿಕೆಯೇ ಬೇಕಿತ್ತು. ಓದು ಬಾರದವನಿಗೆ ಆ ಪುಸ್ತಕದಲ್ಲಿ ಏನು ಬರೆದಿದೆಯೆಂದು ತಿಳಿಯುವ ಬಗೆಯಾದರೂ ಯಾವುದು? ಸಂಘದ ಮೇಲಿನ ನಂಬಿಕೆ ಮೊದಮೊದಲು ಅದನ್ನು ಕಟ್ಟಿದವರ ಮೇಲಿನ ನಂಬಿಕೆಯೇ ಆಗಿರುತ್ತದೆ.

ಸಂಘದ ಕಾರ್ಯವಿಧಾನ ಸರಳವಾದದ್ದು. ಸದಸ್ಯನಾಗಲು ಪಾಲು ಹಣ ಕಟ್ಟಬೇಕು. ಠೇವಣಿ ಇಟ್ಟರೆ ಬಡ್ಡಿ ಸಿಗುತ್ತದೆ. ಆ ಹಣವೇ ಇನ್ನೊಬ್ಬ ಸದಸ್ಯನಿಗೆ, ಸಾಹುಕಾರನಿಗಿಂತ ಕಡಿಮೆ ಬಡ್ಡಿಗೆ, ಪರಿಚಿತರ ಜಾಮೀನಿನ ಮೇಲೆ ಸಾಲವಾಗಿ ಹೋಗುತ್ತದೆ. ಲಾಭವನ್ನೆಲ್ಲ ಹಂಚಿಕೊಳ್ಳುವಂತಿಲ್ಲ. 1912ರ ಕಾಯ್ದೆಯ ಪ್ರಕಾರ ನಿವ್ವಳ ಲಾಭದ ಕನಿಷ್ಠ ನಾಲ್ಕನೆಯ ಒಂದು ಭಾಗವನ್ನು ಮೀಸಲು ನಿಧಿಗೆ ಹಾಕಲೇಬೇಕು. ಮನೆಯ ಯಜಮಾನ ಆದಾಯಕ್ಕಿಂತ ಕಡಿಮೆ ಖರ್ಚು ಮಾಡಬೇಕೆಂಬ ಮಾತನ್ನು ಕಾಯ್ದೆ ಸಂಘಕ್ಕೂ ಅನ್ವಯಿಸಿತ್ತು. ಜಾಮೀನು ನಿಂತವನ ಕಣ್ಣು ಸಾಲಗಾರನ ಮನೆಯ ಮದುವೆ ಚಪ್ಪರದ ಮೇಲೂ ಇರುತ್ತಿತ್ತೆಂಬುದು ಬೇರೆ ಮಾತು! ಸಾಲ ತೆಗೆದು ಅದ್ದೂರಿ ಮಾಡಿದರೆ ಪ್ರಶ್ನಿಸುವವರು ಊರಲ್ಲೇ ಇದ್ದರು.

ಜಿಲ್ಲೆಗೊಂದು ಬ್ಯಾಂಕ್

ಸಣ್ಣ ಸಂಘಕ್ಕೆ ಒಂದು ಸಹಜ ದೌರ್ಬಲ್ಯವಿದೆ. ಆಟಿಯಲ್ಲಿ ಎಲ್ಲ ಸದಸ್ಯರಿಗೂ ಒಮ್ಮೆಲೇ ಸಾಲ ಬೇಕು, ಬೇಸಿಗೆಯಲ್ಲಿ ಎಲ್ಲರೂ ಒಮ್ಮೆಲೇ ಮರುಪಾವತಿಸುತ್ತಾರೆ. ಒಮ್ಮೆ ಪೆಟ್ಟಿಗೆ ಖಾಲಿ, ಇನ್ನೊಮ್ಮೆ ತುಂಬಿ ತುಳುಕುವುದು. ಊರಿಗೆ ಊರೇ ಒಂದೇ ಬೆಳೆಯನ್ನು ನಂಬಿದಾಗ ಹೀಗಾಗದೆ ಇರುವುದಿಲ್ಲ. ಬೇರೆ ಬೇರೆ ಊರಿನ ಸಂಘಗಳು ತಮ್ಮ ಹೆಚ್ಚುವರಿ ಹಣವನ್ನು ಒಂದೆಡೆ ಇಟ್ಟು, ಬೇಕಾದಾಗ ಅಲ್ಲಿಂದ ಪಡೆಯುವಂತಾದರೆ? ಭತ್ತದ ಕುಂದಾಪುರಕ್ಕೂ ಅಡಿಕೆಯ ಪುತ್ತೂರಿಗೂ ತೆಂಗಿನ ಕಾಸರಗೋಡಿಗೂ ಹಣ ಬೇಕಾಗುವ ತಿಂಗಳುಗಳು ಒಂದೇ ಅಲ್ಲ. 1904ರ ಕಾಯ್ದೆಯಲ್ಲಿ ಇಂತಹ ಮೇಲ್ಮಟ್ಟದ ಸಂಸ್ಥೆಗೆ ಅವಕಾಶವಿರಲಿಲ್ಲ. 1912ರ ಕಾಯ್ದೆ ಬಾಗಿಲು ತೆರೆಯಿತು.

ಆ ಅವಕಾಶವನ್ನು ಶಿವರಾಯರು ಬಿಡಲಿಲ್ಲ. 1914ರ ಹೊತ್ತಿಗೆ ಅವರ ಮುಂದಾಳುತನದಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಆರಂಭಗೊಂಡಿತು. ಅದೂ ಜಿಲ್ಲಾ ಕೇಂದ್ರವಾದ ಮಂಗಳೂರಿನಲ್ಲಲ್ಲ, ರೈಲೂ ಇಲ್ಲದ ಪುತ್ತೂರಿನಲ್ಲಿ! ಬ್ಯಾಂಕ್ ಮಂಗಳೂರಿಗೆ ಸ್ಥಳಾಂತರಗೊಂಡದ್ದು ನಂತರದ ವರ್ಷಗಳಲ್ಲಿ. ಪುತ್ತೂರಿಗೆ ರೈಲು ಬರಲು 1970ರ ದಶಕದವರೆಗೂ ಕಾಯಬೇಕಾಯಿತು ಎಂಬುದನ್ನು ನೆನಪಿಸಿಕೊಂಡರೆ ಆ ಧೈರ್ಯದ ಅಳತೆ ಸಿಗುತ್ತದೆ.

ಪರೀಕ್ಷೆಗಳಿಗೇನೂ ಕೊರತೆಯಾಗಲಿಲ್ಲ. ಬ್ಯಾಂಕ್ ಆರಂಭಗೊಂಡ ವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. 1923ರಲ್ಲಿ ನೇತ್ರಾವತಿಗೆ ಬಂದ ಮಹಾನೆರೆಯನ್ನು ಉಪ್ಪಿನಂಗಡಿ ಕಡೆಯ ಹಿರಿಯರು ದೀರ್ಘಕಾಲ ನೆನೆಯುತ್ತಿದ್ದರು. ದಶಕದ ಕೊನೆಗೆ ಜಗತ್ತನ್ನೇ ಆವರಿಸಿದ ಆರ್ಥಿಕ ಕುಸಿತದಿಂದ ಕೃಷಿ ಉತ್ಪನ್ನಗಳ ಬೆಲೆ ಪಾತಾಳಕ್ಕಿಳಿಯಿತು. ಸಾಲದ ಮೊತ್ತ ಮಾತ್ರ ಇಳಿಯಲಿಲ್ಲ. 1938ರಲ್ಲಿ ರಾಜಾಜಿ ಸರ್ಕಾರ ರೈತರ ಋಣಪರಿಹಾರ ಕಾಯ್ದೆ ತರಬೇಕಾಗಿ ಬಂತೆಂದರೆ ಮದರಾಸು ಪ್ರಾಂತ್ಯದ ಹಳ್ಳಿಗಳು ಎಷ್ಟು ಸಾಲದಲ್ಲಿ ಮುಳುಗಿದ್ದವೆಂದು ಊಹಿಸಬಹುದು. ಅದೇ ವರ್ಷ ದಕ್ಷಿಣದ ದೊಡ್ಡ ಖಾಸಗಿ ಬ್ಯಾಂಕುಗಳಲ್ಲಿ ಒಂದಾದ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಬಾಗಿಲು ಮುಚ್ಚಿತು. ಪುತ್ತೂರಿನಲ್ಲಿ ನೆಟ್ಟ ಗಿಡ ಉಳಿಯಿತು.

ಸಣ್ಣ ಉಳಿತಾಯದ ಪ್ರಯೋಗಗಳು ಜಿಲ್ಲೆಯ ಇತರೆಡೆಯೂ ನಡೆದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರು ಪಿಗ್ಮಿ ಯೋಜನೆ ಆರಂಭಿಸಿ ಮನೆಮನೆಗೆ ಏಜೆಂಟರನ್ನು ಕಳುಹಿಸಿದರು. ದಿನಕ್ಕೆ ಎರಡಾಣೆ ಕೊಟ್ಟರೆ ಸಾಕು. ವರ್ಷಕ್ಕೆ ಅದು 45 ರೂಪಾಯಿ 10 ಆಣೆಯಾಗುತ್ತದೆ. ದಿನದ ಸಂಪಾದನೆಯಿರುವ ಪೇಟೆಯವರಿಗೆ ಪಿಗ್ಮಿ, ವರ್ಷದ ಸಂಪಾದನೆಯಿರುವ ತೋಟದವರಿಗೆ ಸೊಸೈಟಿ. ಒಂದೇ ಜಿಲ್ಲೆ ಎರಡು ಬಗೆಯ ಜೇಬಿಗೆ ಎರಡು ಬಗೆಯ ಉತ್ತರ ಕಂಡುಕೊಂಡಿತ್ತು.

ಬೆಳೆದದ್ದನ್ನು ಮಾರುವ ವ್ಯವಸ್ಥೆ ಕೈಯಲ್ಲಿಲ್ಲದಿದ್ದರೆ ಉಳಿತಾಯ ಸಾಧ್ಯವಿಲ್ಲವೆಂಬ ಅರಿವೂ ಶಿವರಾಯರಿಗಿತ್ತು. ಕೃಷಿಕರ ಸಹಕಾರಿ ಮಾರಾಟ ಸಂಘದ ಸ್ಥಾಪನೆಗೂ ಅವರು ದುಡಿದರು. ತಾಲೂಕು ಬೋರ್ಡಿನ ಅಧ್ಯಕ್ಷರಾಗಿ ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆಯಿಸಿದರು. ಪುತ್ತೂರಿನ ಕೊಂಬೆಟ್ಟಿನಲ್ಲಿ ಬೋರ್ಡ್ ಹೈಸ್ಕೂಲ್ ತಲೆಯೆತ್ತಿದ್ದರ ಹಿಂದೆಯೂ ಅವರ ಶ್ರಮವಿತ್ತು. ಲೆಕ್ಕಪುಸ್ತಕ ಓದಬಲ್ಲ ಸದಸ್ಯರಿಲ್ಲದೆ ಸಹಕಾರಿ ಸಂಘ ನಡೆಯದು ಎಂದು ಬಲ್ಲವರಿಗೆ ಶಾಲೆ ಮತ್ತು ಸೊಸೈಟಿ ಬೇರೆ ಬೇರೆ ಕೆಲಸಗಳಾಗಿ ಕಂಡಿರಲಾರವು.

ಕಾರಂತರ ಜೊತೆಗಾರ

ಉಳಿತಾಯದ ಮನುಷ್ಯನೆಂದರೆ ಜಿಪುಣನೆಂದೂ ಲೆಕ್ಕದ ಹೊರತು ಬೇರೇನೂ ತಿಳಿಯದವನೆಂದೂ ಭಾವಿಸುವವರುಂಟು. ಶಿವರಾಯರ ಬದುಕಿನ ಇನ್ನೊಂದು ಮುಖ ಆ ಕಲ್ಪನೆಗೆ ಹೊಂದುವುದಿಲ್ಲ. ಯುವಕ ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಯೂರಿದಾಗ ಬೆನ್ನಿಗೆ ನಿಂತವರಲ್ಲಿ ಶಿವರಾಯರು ಪ್ರಮುಖರು. ನಾಟಕ, ಮಕ್ಕಳ ಶಿಕ್ಷಣ, ಮುದ್ರಣ, ಸಿನೆಮಾ ಎಂದು ಒಂದರ ಮೇಲೊಂದು ಪ್ರಯೋಗಕ್ಕಿಳಿದು ಕೈಸುಟ್ಟುಕೊಳ್ಳಲು ಹಿಂಜರಿಯದ ಕಾರಂತರು ಒಂದೆಡೆ, ಕಾಸಿಗೆ ಕಾಸು ಕೂಡಿಸುವ ಸಂಸ್ಥೆಗಳನ್ನು ಕಟ್ಟುವ ಶಿವರಾಯರು ಇನ್ನೊಂದೆಡೆ. ಸ್ವಭಾವದಲ್ಲಿ ಇಷ್ಟು ಭಿನ್ನರಾದ ಇಬ್ಬರು ಸೇರಿ ಪುತ್ತೂರಿನಲ್ಲಿ ದಸರಾ ನಾಡಹಬ್ಬವನ್ನು ನಡೆಸಿದರು. ಕನ್ನಡದ ಹೆಸರಾಂತ ಸಾಹಿತಿಗಳು, ಕಲಾವಿದರು ಈ ಪುಟ್ಟ ಊರಿಗೆ ಬಂದು ಹೋಗುವಂತಾಯಿತು. ಕಾರಂತರ ಬಾಲವನಕ್ಕೆ ಇಂದು ಭೇಟಿ ಕೊಡುವ ಪ್ರವಾಸಿಗರು ಈ ಹಿನ್ನೆಲೆಯನ್ನೂ ನೆನೆದರೆ ಒಳ್ಳೆಯದು.

ಚಳವಳಿಯ ಮಿತಿಯನ್ನೂ ಹೇಳದೆ ಇರುವಂತಿಲ್ಲ. ಸಾಲಕ್ಕೆ ಈಡು ಬೇಕು, ಈಡಿಗೆ ಭೂಮಿ ಬೇಕು. ಅಂದು ಬಹುಪಾಲು ಸಾಗುವಳಿದಾರರು ಚಾಲಗೇಣಿಯವರು. ಒಡೆಯ ಬಿಡಿಸಿದರೆ ಎದ್ದು ಹೋಗಬೇಕಾದವರು. ಭೂಮಿಯೇ ಇಲ್ಲದ ಕೂಲಿಯಾಳುಗಳೂ ದಲಿತರೂ ಸೊಸೈಟಿಯ ಮೆಟ್ಟಿಲೇರಲು ಇನ್ನೂ ಅನೇಕ ದಶಕಗಳು ಬೇಕಾದವು. 1974ರ ಭೂಸುಧಾರಣೆಯಿಂದ ಗೇಣಿದಾರರ ಹೆಸರು ಪಹಣಿಗೆ ಬಂದ ಮೇಲಷ್ಟೇ ಪುತ್ತೂರು, ಸುಳ್ಯದ ಸಹಕಾರಿ ಸಂಘಗಳ ಸದಸ್ಯರ ಪಟ್ಟಿ ನಿಜವಾಗಿ ಹಿಗ್ಗಿತು. ಹೆಂಗಸರಿಗೆ ತಮ್ಮದೇ ಹೆಸರಿನ ಪಾಸ್‌ಬುಕ್ ದೊಡ್ಡ ಪ್ರಮಾಣದಲ್ಲಿ ದೊರೆತದ್ದು ಸ್ವಸಹಾಯ ಗುಂಪುಗಳ ಕಾಲದಲ್ಲಿ. ಆಗ ಗುಂಪುಗಳು ಖಾತೆ ತೆರೆಯಲು ಹೋದ ಬ್ಯಾಂಕುಗಳಲ್ಲಿ ಶಿವರಾಯರ ಜಿಲ್ಲಾ ಕೇಂದ್ರ ಬ್ಯಾಂಕೂ ಒಂದಾಗಿತ್ತು.

ಶಿವರಾಯರು 1967ರಲ್ಲಿ ನಿಧನರಾದರು. ಅಷ್ಟರಲ್ಲಿ ದೇಶ ಸ್ವತಂತ್ರವಾಗಿತ್ತು, ಜಿಲ್ಲೆ ಮದರಾಸಿನಿಂದ ಬೇರ್ಪಟ್ಟು 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿತ್ತು, ಕಾಸರಗೋಡು ಕೇರಳದ ಪಾಲಾಗಿತ್ತು. ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅಡಿಕೆ ಧಾರಣೆ ಹಿಂದೆಂದೂ ಕಾಣದಂತೆ ಕುಸಿಯಿತು. ಮಾರಲು ಹೋದ ಅಡಿಕೆಯನ್ನು ಕೊಳ್ಳುವವರಿಲ್ಲದೆ ಮನೆಗೆ ತಂದವರುಂಟು. ಆಗ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಬೆಳೆಗಾರರು ಕಂಡುಕೊಂಡ ಪರಿಹಾರವೂ ಸಹಕಾರವೇ. 1973ರ ಜುಲೈ 11ರಂದು ಕರ್ನಾಟಕ, ಕೇರಳ ಎರಡೂ ರಾಜ್ಯಗಳ ವ್ಯಾಪ್ತಿಯ ಕ್ಯಾಂಪ್ಕೊ ಹುಟ್ಟಿಕೊಂಡಿತು. ಕೊಕ್ಕೋ ಬೆಳೆಗೂ ಬೆಲೆ ಕುಸಿದಾಗ 1986ರಲ್ಲಿ ಅದು ಚಾಕೊಲೇಟ್ ಕಾರ್ಖಾನೆ ತೆರೆದದ್ದು ಪುತ್ತೂರಿನಲ್ಲಿ.

ತೊಟ್ಟಿಲಿನ ಕಥೆ ಏನಾಯಿತು? ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೂ ಸೇರಿಹೋದವು. ಊರಿನ ಪೇಟೆಗಳಲ್ಲಿ ನಾಮಫಲಕಗಳು ಬದಲಾದಾಗ ಹಿರಿಯ ಗ್ರಾಹಕರು ಬೇಸರಪಟ್ಟುಕೊಂಡದ್ದು ಸಹಜ. ಪುತ್ತೂರಿನಲ್ಲಿ ಆರಂಭಗೊಂಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ 2014ರ ಸುಮಾರಿಗೆ ಶತಮಾನೋತ್ಸವ ಆಚರಿಸಿ, ಈಗ ಮಂಗಳೂರಿನ ಕೊಡಿಯಾಲಬೈಲಿನಿಂದ ದಕ್ಷಿಣ ಕನ್ನಡ ಮತ್ತು ಉಡುಪಿ ಎರಡೂ ಜಿಲ್ಲೆಗಳ ವ್ಯವಹಾರ ನೋಡಿಕೊಳ್ಳುತ್ತಿದೆ. ಪಂಜ, ಬೆಳ್ಳಾರೆ, ಕಡಬದ ಸೊಸೈಟಿಗಳಲ್ಲಿ ಮಾರ್ಚ್ ತಿಂಗಳು ಇಂದಿಗೂ ಜನಜಂಗುಳಿಯ ತಿಂಗಳು. ಚಾಲಿ ಮಾರಿದ ಹಣದೊಂದಿಗೆ ಬಂದ ಬೆಳೆಗಾರರು ಮೊದಲು ಬೆಳೆಸಾಲ ತೀರಿಸುತ್ತಾರೆ. ಉಳಿದದ್ದರಲ್ಲಿ ಒಂದು ಪಾಲನ್ನು ಅದೇ ಕೌಂಟರಿನಲ್ಲಿ ಠೇವಣಿ ಇಟ್ಟು, ಜೂನ್ ತಿಂಗಳಿಗೆ ಬೇಕಾದ ಮೈಲುತುತ್ತಿಗೆ ಹೆಸರು ಬರೆಸಿ ಮನೆಯ ದಾರಿ ಹಿಡಿಯುತ್ತಾರೆ.